ಬರೆದವರೇ ಕೊನೆಗೆ ಕೇಳುವ ಸಂಗೀತ

2023ರ ಆಗಸ್ಟ್ ತಿಂಗಳು. ಹೆಲ್ಸಿಂಕಿಯಲ್ಲಿ ಫಿನ್ಲೆಂಡ್ ರೇಡಿಯೊದ ಸಿಂಫನಿ ಆರ್ಕೆಸ್ಟ್ರಾ ಒಂದು ಹೊಚ್ಚ ಹೊಸ ಟ್ರಂಪೆಟ್ ಕಂಚೆರ್ಟೊ, ಅಂದರೆ ಟ್ರಂಪೆಟ್ ಮುಂದೆ ನಿಂತು ಇಡೀ ಮೇಳ ಅದರ ಜೊತೆಗೂಡುವ ಕೃತಿ, ನುಡಿಸಿತು. ಹೆಸರು 'ಹಷ್'. ಮಗುವಿಗೆ 'ಶ್, ಸುಮ್ನಿರು' ಅಂತೀವಲ್ಲ, ಅದೇ. ಟ್ರಂಪೆಟ್ ಹಿಡಿದಿದ್ದವರು ಜಾಜ್ ವಾದಕ ವೆರ್ನೆರಿ ಪೊಹ್ಯೋಲಾ, ಮೇಳವನ್ನು ನಡೆಸುವ ಕಂಡಕ್ಟರ್ ಸುಸಾನ್ನಾ ಮ್ಯಾಲ್ಕಿ. ಬರೆದವರು ಫಿನ್ಲೆಂಡಿನ ಸಂಯೋಜಕಿ ಕಾಯ್ಯಾ ಸಾರಿಯಾಹೊ. ಅವರು ಮಾತ್ರ ಸಭೆಯಲ್ಲಿ ಇರಲಿಲ್ಲ. ಜೂನ್ 2ರಂದು ಪ್ಯಾರಿಸ್‌ನಲ್ಲಿ ಅವರು ತೀರಿಕೊಂಡಿದ್ದರು. ಮಿದುಳಿನ ಗಡ್ಡೆ. ಕಾಯಿಲೆಯ ನಡುವೆಯೇ ಕೃತಿಯನ್ನು ಬರೆದು ಮುಗಿಸಿದರು, ಆದರೆ ಆರ್ಕೆಸ್ಟ್ರಾ ಅದನ್ನು ಸಭೆಯ ಮುಂದೆ ನುಡಿಸಿದ್ದನ್ನು ಕೇಳಲಿಲ್ಲ.

ಓದಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ, ನಿಜ. ಆದರೆ ನನಗೆ ಇದರಲ್ಲಿ ಇನ್ನೊಂದು ವಿಷಯ ಕಾಣುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಹೊಸದಾಗಿ ಬರೆಯುವ ಎಲ್ಲರ ಪಾಡೂ ಸ್ವಲ್ಪ ಹೀಗೇ. ಎರಡು ಮೂರು ವರ್ಷ ಕೂತು ಬರೆದ ಆರ್ಕೆಸ್ಟ್ರಾ ಕೃತಿಯನ್ನು ಅವರು ಮೊದಲ ಬಾರಿ ಕಿವಿಯಾರೆ ಕೇಳುವುದು ಕಾರ್ಯಕ್ರಮಕ್ಕೆ ಇನ್ನೇನು ಮೂರು ನಾಲ್ಕು ದಿನ ಇದೆ ಅನ್ನುವಾಗ. ಅಲ್ಲಿಯ ತನಕ ಎಲ್ಲವೂ ತಲೆಯೊಳಗೆ ಮತ್ತು ಕಾಗದದ ಮೇಲೆ. ಸಾರಿಯಾಹೊ ಅವರಿಗೆ ಆ ಕೊನೆಯ ಕೆಲವು ದಿನಗಳೂ ಸಿಗಲಿಲ್ಲ, ಅಷ್ಟೇ.

ನಮ್ಮ ಕಡೆ ಇದು ಸುಲಭಕ್ಕೆ ಅರ್ಥವಾಗುವುದಿಲ್ಲ. ನಮ್ಮ ವಾಗ್ಗೇಯಕಾರರು ಹಾಡಿಕೊಂಡೇ ಕೃತಿ ಕಟ್ಟುವವರು. ಶಿಷ್ಯರು ಎದುರಿಗೆ ಕೂತು ಕಲಿಯುತ್ತಾರೆ. ಸ್ವರ ಬರೆದಿಡುವುದು ಆಮೇಲಿನ ಕೆಲಸ, ಎಷ್ಟೋ ಸಲ ಒಂದು ತಲೆಮಾರು ಕಳೆದ ಮೇಲೆ. ಹುಟ್ಟುವಾಗಲೇ ಕೃತಿ ಒಬ್ಬರ ಗಂಟಲಲ್ಲಿ ಇರುತ್ತದೆ. ಅಲ್ಲಿ ಹಾಗಲ್ಲ. ಬರೆದವರಿಗೆ ಎಂಬತ್ತು ವಾದ್ಯಗಳನ್ನು ನುಡಿಸಲು ಬರುವುದಿಲ್ಲ, ಎಂಬತ್ತು ಜನರನ್ನು ಮನೆಗೆ ಕರೆದು 'ಇದೊಂದು ಸಾಲು ನುಡಿಸಿ ತೋರಿಸಿ' ಅನ್ನುವುದೂ ಆಗುವುದಿಲ್ಲ. ಅಂದ ಹಾಗೆ ಆರ್ಕೆಸ್ಟ್ರಾ ಅಂದ ತಕ್ಷಣ ನಮ್ಮಲ್ಲಿ ಅರ್ಧ ಜನಕ್ಕೆ ಗಣೇಶನ ಹಬ್ಬದ ಪೆಂಡಾಲು, ಕೀಬೋರ್ಡು, ಹಳೇ ಸಿನಿಮಾ ಹಾಡು ನೆನಪಾಗುತ್ತದೆ. ಇಲ್ಲಿ ಮಾತು ಪಿಟೀಲು, ಚೆಲ್ಲೊ, ಕೊಳಲು, ಹಿತ್ತಾಳೆಯ ಊದುವ ವಾದ್ಯ, ತಾಳವಾದ್ಯ ಎಲ್ಲ ಸೇರಿದ ದೊಡ್ಡ ಮೇಳದ್ದು.

ಹಾಗಾದರೆ ಹೊಸ ಕೃತಿ ಹುಟ್ಟುವುದು ಹೇಗೆ? ಸ್ಫೂರ್ತಿ ಬಂತು, ಬರೆದರು ಅನ್ನುವುದು ಸಿನಿಮಾದ ಮಾತು. ಅಲ್ಲಿ ಮೊದಲು ಬರುವುದು ಒಂದು ಪತ್ರ ಅಥವಾ ಫೋನು. 'ನಮ್ಮ ಆರ್ಕೆಸ್ಟ್ರಾಗೆ ಇಪ್ಪತ್ತು ನಿಮಿಷದ ಕೃತಿ ಬೇಕು, ಇಂಥ ವರ್ಷದ ಇಂಥ ತಿಂಗಳಿಗೆ' ಅಂತ ಯಾರೋ ಕೇಳುತ್ತಾರೆ. ಇದಕ್ಕೆ ಕಮಿಷನ್ ಅನ್ನುತ್ತಾರೆ. ದಲ್ಲಾಳಿಯ ಕಮಿಷನ್ ಅಲ್ಲ, ಒಪ್ಪಂದ ಮಾಡಿಕೊಂಡು ಬರೆಸುವುದು. ಎಷ್ಟು ನಿಮಿಷ, ಎಷ್ಟು ವಾದಕರು, ಯಾವ ತಾರೀಕಿಗೆ ಕೈಗೆ ಸಿಗಬೇಕು, ಮೊದಲು ನುಡಿಸುವ ಹಕ್ಕು ಯಾರದು, ಎಲ್ಲವನ್ನೂ ಮೊದಲೇ ಬರೆದುಕೊಂಡಿರುತ್ತಾರೆ. ಬಡಗಿಗೆ ಬಾಗಿಲು ಹೇಳಿದ ಹಾಗೆ. ನನಗೆ ಈ ಲೆಕ್ಕಾಚಾರ ಇಷ್ಟವೇ. ಅಳತೆ ಮೊದಲೇ ಗೊತ್ತಿದ್ದರೆ ಬಾಗಿಲು ಕೆಡುವುದಿಲ್ಲವಲ್ಲ.

ದೊಡ್ಡ ಕೃತಿಯಾದರೆ ಒಬ್ಬರಿಂದ ಖರ್ಚು ನಿಭಾಯಿಸಲು ಆಗುವುದಿಲ್ಲ. ಸಾರಿಯಾಹೊ ಅವರ ಮೊದಲ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) 'ಲಾಮೂರ್ ದ ಲ್ವಾಂ', ಅಂದರೆ 'ದೂರದ ಪ್ರೀತಿ'. ಅದರ ಹಿಂದೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಉತ್ಸವ, ಪ್ಯಾರಿಸ್‌ನ ಶಾತಲೇ ರಂಗಮಂದಿರ, ಅಮೆರಿಕದ ಸಾಂಟಾ ಫೆ ಒಪೆರಾ ಮೂರೂ ಇದ್ದವು. ಮೊದಲ ಪ್ರಯೋಗ 2000ದ ಆಗಸ್ಟ್‌ನಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಆಯಿತು. ಮರುವರ್ಷ ಪ್ಯಾರಿಸ್, 2002ರಲ್ಲಿ ಸಾಂಟಾ ಫೆ. ಇದರಲ್ಲಿ ಹಣ ಹಂಚಿಕೊಳ್ಳುವುದಕ್ಕಿಂತ ದೊಡ್ಡ ಲಾಭ ಒಂದಿದೆ. ಕೃತಿ ಹುಟ್ಟುವ ಮೊದಲೇ ಅದರ ಎರಡನೇ, ಮೂರನೇ ಪ್ರಯೋಗ ನಿಶ್ಚಯವಾಗಿಬಿಡುತ್ತದೆ. ಅದು ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಹಣದ ಮಾತು ಬಂದಾಗ ಮೈಸೂರಿನ ಒಂದು ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಜರ್ಮನಿಯ ರಿಚರ್ಡ್ ಸ್ಟ್ರಾಸ್ 1948ರಲ್ಲಿ, ತಮ್ಮ 84ನೇ ವಯಸ್ಸಿನಲ್ಲಿ, ಒಬ್ಬ ಗಾಯಕಿ ಮತ್ತು ಆರ್ಕೆಸ್ಟ್ರಾಗಾಗಿ ಕೆಲವು ಹಾಡು ಬರೆದರು. 1949ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅವರೂ ಕೇಳಲಿಲ್ಲ. ಇಂದು 'ಕೊನೆಯ ನಾಲ್ಕು ಹಾಡುಗಳು' ಅಂತ ಜಗತ್ತಿಗೆಲ್ಲ ಗೊತ್ತಿರುವ ಆ ಕೃತಿಯ ಪ್ರೀಮಿಯರ್ ಆದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದ್ದು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನುಡಿಸಿದ್ದು ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ, ಕಂಡಕ್ಟರ್ ಫುರ್ಟ್‌ವೆಂಗ್ಲರ್. ಮತ್ತು ಆ ಸಂಜೆ ನಡೆಯಲಿ ಅಂತ 4,800 ಡಾಲರ್ ಖಾತರಿ ಹಣ ಕೊಟ್ಟವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ಅವರಿಗೆ ಲಂಡನ್ನಿಗೆ ಹೋಗಲು ಆಗಲಿಲ್ಲ. ಹಾಗಾಗಿ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಬೇಕು ಅನ್ನುವುದು ಏರ್ಪಾಡು. ಆ ರೆಕಾರ್ಡಿಂಗ್ ಉಳಿದಿದೆ. ಸದ್ದು ಕರಕರ ಅನ್ನುತ್ತದೆ, ಆದರೂ ಫ್ಲಾಗ್‌ಸ್ಟಾಡ್ ದನಿ ಕೇಳುತ್ತದೆ.

ಇದು ಒಂದು ದಿನದ ರಾಜಶೋಕಿ ಅಲ್ಲ. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಪಿಯಾನೊ ಸಂಯೋಜಕರನ್ನು ಜನ ಹೆಚ್ಚುಕಡಿಮೆ ಮರೆತಿದ್ದಾಗ, ಅವರ ಕೃತಿಗಳನ್ನು ಅವರ ಕೈಯಲ್ಲೇ ನುಡಿಸಿ ರೆಕಾರ್ಡ್ ಮಾಡಿಸಲು ಇದೇ ಮಹಾರಾಜರು ಹಣ ಹಾಕಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಂಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ್ದಾರೆ. ಅತ್ತ ಇದು, ಇತ್ತ ಅದೇ ಮನುಷ್ಯ 'ಶ್ರೀವಿದ್ಯಾ' ಅಂಕಿತದಲ್ಲಿ ತಾವೇ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸುತ್ತಿದ್ದರು. ಎರಡೂ ಪದ್ಧತಿಗಳ ಒಳಗೆ ಇಷ್ಟು ಆರಾಮವಾಗಿ ಓಡಾಡಿದವರು ಆ ಕಾಲದಲ್ಲಿ ಎಷ್ಟು ಜನ ಇದ್ದಾರು!

ಸಾರಿಯಾಹೊ ಅವರಿಗೆ ವಾಪಸ್ ಬರೋಣ. ಅವರ ಸಂಗೀತ ಮೊದಲ ಸಲ ಕೇಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: 'ಇದರಲ್ಲಿ ರಾಗ ಎಲ್ಲಿದೆ? ತಾಳ ಎಲ್ಲಿದೆ? ಬರೀ ಸದ್ದು ಅಲ್ವಾ?' ಹೌದು, ಸದ್ದೇ. ಆದರೆ ಸುಮ್ನೆ ಸದ್ದಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ಪ್ಯಾರಿಸ್‌ಗೆ ಹೋಗಬೇಕಾಗಿಲ್ಲ, ಮನೆಯ ತಂಬೂರಿ ಸಾಕು. ಚೆನ್ನಾಗಿ ಶ್ರುತಿ ಕೂಡಿಸಿದ ತಂಬೂರಿಯಲ್ಲಿ ನೀವು ಮೀಟುವುದು ಷಡ್ಜ ಮತ್ತು ಪಂಚಮ ಮಾತ್ರ. ಆದರೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತರೆ ಯಾರೂ ಮೀಟದ ಅಂತರ ಗಾಂಧಾರ ಕೇಳಿಸುತ್ತದೆ. ಯಾಕೆ? ಒಂದು ತಂತಿ ಕಂಪಿಸುವಾಗ ಒಂದೇ ಸ್ವರ ಹೊರಡುವುದಿಲ್ಲ. ಮೂಲ ಕಂಪನದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು, ಐದು ಪಟ್ಟು ಕಂಪನಗಳೂ ಅದರೊಳಗೇ ಇರುತ್ತವೆ. ಎರಡು ಪಟ್ಟು ಅಂದರೆ ಮೇಲಿನ ಷಡ್ಜ. ಮೂರು ಪಟ್ಟು ಅಂದರೆ ಪಂಚಮ. ಐದು ಪಟ್ಟು ಅಂದರೆ ಗಾಂಧಾರ. ಕುದುರೆಯ ಮೇಲೆ, ಅಂದರೆ ತಂತಿಗಳು ಆತುಕೊಳ್ಳುವ ಪಟ್ಟಿಯ ಮೇಲೆ, ತಂತಿಯ ಕೆಳಗೆ ನೂಲಿನ ಎಳೆ ಸಿಕ್ಕಿಸಿ ಹಿಂದೆ ಮುಂದೆ ಸರಿಸುತ್ತಾರಲ್ಲ, ಅದು ಈ ಒಳಗಿನ ಸ್ವರಗಳನ್ನು ಎಬ್ಬಿಸುವುದಕ್ಕೇ. ಒಂದೇ ಶ್ರುತಿಯಲ್ಲಿ ನುಡಿಸಿದರೂ ಕೊಳಲು ಕೊಳಲಾಗಿಯೇ, ನಾಗಸ್ವರ ನಾಗಸ್ವರವಾಗಿಯೇ ಕೇಳುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಒಳಗಿನ ಸ್ವರಗಳಲ್ಲಿ ಯಾವುದು ಜೋರು, ಯಾವುದು ಮೆಲ್ಲಗೆ ಅನ್ನುವ ಪ್ರಮಾಣ ಬೇರೆ ಬೇರೆ. ಅದಕ್ಕೆ ನಾದದ ಬಣ್ಣ ಅನ್ನೋಣ.

1970ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜೆರಾರ್ ಗ್ರಿಸೆ, ತ್ರಿಸ್ತಾಂ ಮ್ಯುರೈ ಮುಂತಾದವರು ಈ ಒಳಗಿನ ಸ್ವರಗಳನ್ನೇ ಹಿಡಿದು ಸಂಗೀತ ಕಟ್ಟಲು ಹೊರಟರು. ಇದಕ್ಕೆ ಸ್ಪೆಕ್ಟ್ರಲ್ ಸಂಗೀತ ಅನ್ನುತ್ತಾರೆ. ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ ಏಳು ಬಣ್ಣ ಮಾಡುವ ಹಾಗೆ ಒಂದು ಸ್ವರವನ್ನು ಬಿಡಿಸಿ, ಸಿಕ್ಕ ಎಳೆಗಳನ್ನು ಆರ್ಕೆಸ್ಟ್ರಾದ ಬೇರೆ ಬೇರೆ ವಾದ್ಯಗಳಿಗೆ ಹಂಚುವುದು. ಹೆಲ್ಸಿಂಕಿಯ ಸಿಬೇಲಿಯಸ್ ಅಕಾಡೆಮಿಯಲ್ಲಿ, ಆಮೇಲೆ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಕಲಿತ ಸಾರಿಯಾಹೊ ಅಲ್ಲಿನ ಬಿಗಿಯಾದ ಗಣಿತದಂಥ ಸಂಗೀತದಿಂದ ಉಸಿರು ಕಟ್ಟಿದಂತಾಗಿದ್ದಾಗ ಇವರ ಕೃತಿಗಳನ್ನು ಕೇಳಿದರು. 1982ರಲ್ಲಿ ಪ್ಯಾರಿಸ್‌ನ ಇರ್ಕಾಮ್‌ಗೆ ಬಂದರು. ಪಾಂಪಿಡು ಸೆಂಟರ್ ಎಂಬ ಕಲಾಕೇಂದ್ರದ ಪಕ್ಕದಲ್ಲಿ, ಬಹುಪಾಲು ನೆಲದಡಿಯಲ್ಲೇ ಇರುವ ಸಂಗೀತ ಸಂಶೋಧನಾ ಕೇಂದ್ರ ಅದು. ಬಂದವರು ಪ್ಯಾರಿಸ್ಸಿನಲ್ಲೇ ಉಳಿದುಬಿಟ್ಟರು.

ಅಲ್ಲಿ ಅವರು ಮಾಡಿದ ಒಂದು ಕೆಲಸ ಹೇಳುತ್ತೇನೆ. ಚೆಲ್ಲೊ ಅಂದರೆ ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು. ಅದರಲ್ಲಿ ಒಂದೇ ಸ್ವರ ಹಿಡಿದು ಕಮಾನಿನ ಒತ್ತಡ ಹೆಚ್ಚಿಸುತ್ತಾ ಹೋದರೆ, ನಯವಾಗಿದ್ದ ನಾದ ನಿಧಾನಕ್ಕೆ ಒರಟಾಗಿ, ಕೊನೆಗೆ ಕರ್ರ್ ಅನ್ನುವ ಗದ್ದಲವಾಗುತ್ತದೆ. ಪಿಟೀಲು ಕಲಿಯುವ ಮಕ್ಕಳಿರುವ ಮನೆಯವರಿಗೆ ಈ ಸದ್ದಿನ ಪರಿಚಯ ಚೆನ್ನಾಗಿಯೇ ಇದೆ. ಸಾರಿಯಾಹೊ ಆ ಬದಲಾವಣೆಯನ್ನು ಕಂಪ್ಯೂಟರಿನಲ್ಲಿ ಹಾಕಿ, ಪ್ರತಿ ಹಂತದಲ್ಲೂ ಒಳಗೆ ಯಾವ ಯಾವ ಕಂಪನಗಳಿವೆ ಅಂತ ನೋಡಿ, ಅದರಿಂದಲೇ ಸ್ವರಗುಚ್ಛಗಳನ್ನು ಮಾಡಿಕೊಂಡು 1986ರಲ್ಲಿ 'ಲಿಖ್ಟ್‌ಬೋಗನ್' ಬರೆದರು. ಒಂಬತ್ತು ವಾದಕರು, ಜೊತೆಗೆ ಎಲೆಕ್ಟ್ರಾನಿಕ್ಸ್, ಅಂದರೆ ಯಂತ್ರದ ಮೂಲಕ ಬರುವ ಸದ್ದು. ಉತ್ತರ ಧ್ರುವ ಪ್ರದೇಶದ ಆಕಾಶದಲ್ಲಿ ಹಸಿರು ಬೆಳಕು ಅಲೆಯಾಡುವುದನ್ನು ನೋಡಿದ್ದೇ ಅದರ ಹುಟ್ಟಿಗೆ ಕಾರಣ.

ಅವರ ಸಂಗೀತದ ಬೀಗದ ಕೈ ಇಲ್ಲಿದೆ. ಬೇರೆ ಸಂಗೀತದಲ್ಲಿ ಬಿಗಿ ಮತ್ತು ಬಿಡುಗಡೆ ಬರುವುದು ಸ್ವರಗಳಿಂದ. ನಿಷಾದದಲ್ಲಿ ನಿಲ್ಲಿಸಿ ಕಾಯಿಸಿ, ಷಡ್ಜಕ್ಕೆ ಬಂದಾಗ ಸಭೆ 'ಆಹಾ' ಅನ್ನುತ್ತದೆ. ಸಾರಿಯಾಹೊ ಅದೇ ಕೆಲಸವನ್ನು ನಾದದ ನಯ ಮತ್ತು ಒರಟುತನದಿಂದ ಮಾಡಿಸುತ್ತಾರೆ. ಒಂದು ತುದಿಯಲ್ಲಿ ಕೊಳಲಿನ ಶುದ್ಧ ಸ್ವರ. ಇನ್ನೊಂದು ತುದಿಯಲ್ಲಿ ಬರೀ ಉಸಿರು, ಪಿಸುಮಾತು, ಕಮಾನಿನ ಉಜ್ಜುವಿಕೆ. ಈ ಎರಡರ ನಡುವಿನ ಓಡಾಟವೇ ಕಥೆ. ಉಸಿರಿನ ಸದ್ದು ಜಾಸ್ತಿಯಾದಾಗ ಬಿಗಿ ಏರುತ್ತದೆ, ಸ್ವರ ತಿಳಿಯಾದಾಗ ಇಳಿಯುತ್ತದೆ. ಇಷ್ಟು ಗೊತ್ತಾದ ಮೇಲೆ ನನಗೆ ಅವರ ಕೃತಿಗಳು ಬಾಗಿಲು ತೆರೆದವು. ಅಲ್ಲಿಯ ತನಕ ನಾನೂ ರಾಗ ಹುಡುಕುತ್ತಾ ಕೂತಿದ್ದೆ.

ಈಗ ಕಷ್ಟದ ಭಾಗ. ಇಂಥ ಸಂಗೀತವನ್ನು ಕಾಗದದ ಮೇಲೆ ಬರೆಯುವುದು ಹೇಗೆ? ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಜೋರು ಎಲ್ಲ ಬರೆಯಬಹುದು. 'ಅರ್ಧ ಸ್ವರ ಅರ್ಧ ಉಸಿರು' ಅನ್ನುವುದಕ್ಕೆ ಅದರಲ್ಲಿ ಗುರುತಿಲ್ಲ. ಹಾಗಾಗಿ ಸಾರಿಯಾಹೊ ಅವರಂಥವರು ಪುಸ್ತಕದ ಮೊದಲ ಪುಟಗಳಲ್ಲೇ ತಮ್ಮ ಗುರುತುಗಳ ಪಟ್ಟಿ ಕೊಡುತ್ತಾರೆ. ಕಮಾನನ್ನು ಕುದುರೆಯ ಹತ್ತಿರ ಹಿಡಿ ಅನ್ನುವುದಕ್ಕೆ ಒಂದು, ಕುದುರೆಯಿಂದ ದೂರ ಹಿಡಿ ಅನ್ನುವುದಕ್ಕೆ ಇನ್ನೊಂದು, ಎರಡರ ನಡುವೆ ಒಂದು ಬಾಣ. ಬಾಣ ಅಂದರೆ 'ಇಲ್ಲಿಂದ ಅಲ್ಲಿಗೆ ನಿಧಾನವಾಗಿ ಹೋಗು, ಹಾರಬೇಡ'. ಅವರ ಪುಟಗಳಲ್ಲಿ ಈ ಬಾಣಗಳು ಎಲ್ಲೆಲ್ಲೂ ಕಾಣುತ್ತವೆ. 1992ರ 'ನೋವಾನೋವಾ' ಅನ್ನುವ ಕೊಳಲಿನ ಕೃತಿಯಲ್ಲಿ ವಾದಕಿ ಊದುತ್ತಲೇ ಕೊಳಲಿನೊಳಗೆ ಮಾತಾಡಬೇಕು, ಅದನ್ನೂ ಬರೆದಿಟ್ಟಿದ್ದಾರೆ.

ಎಲ್ಲರ ಸಾಲುಗಳೂ ಒಂದರ ಕೆಳಗೊಂದು ಇರುವ ದಪ್ಪ ಪುಸ್ತಕಕ್ಕೆ ಸ್ಕೋರ್ ಅನ್ನುತ್ತಾರೆ, ಅದು ಕಂಡಕ್ಟರ್ ಮುಂದೆ ಇರುತ್ತದೆ. ವಾದಕರಿಗೆ ಕೊಡುವುದು ಅವರವರ ಸಾಲು ಮಾತ್ರ. ನಾಟಕದ ಪಾತ್ರಧಾರಿಗೆ ತನ್ನ ಮಾತು ಮಾತ್ರ ಗೊತ್ತಿದ್ದು, ಬೇರೆಯವರ ಮಾತನ್ನು ರಂಗದ ಮೇಲೇ ಕೇಳಿ ಹೊಂದಿಸಿಕೊಂಡ ಹಾಗೆ. ತಾಳವಾದ್ಯದವರು 40 ಆವರ್ತ ಸುಮ್ಮನೆ ಎಣಿಸುತ್ತಾ ಕೂತು ಒಂದು ಪೆಟ್ಟು ಹೊಡೆಯಬೇಕಾಗಬಹುದು. ಎಣಿಕೆ ತಪ್ಪಿದರೆ ಕಥೆ ಮುಗಿಯಿತು. ಅದಕ್ಕೆ ಅವರ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ 'ಈಗ ಕೊಳಲು ಇದನ್ನು ನುಡಿಸುತ್ತದೆ' ಅಂತ ಸುಳಿವು ಹಾಕಿರುತ್ತಾರೆ. ಹಾಳೆ ಮಗುಚಲು ಒಂದು ಕೈ ಖಾಲಿ ಇರುವ ಜಾಗದಲ್ಲೇ ಪುಟ ಮುಗಿಯಬೇಕು. ಇದೆಲ್ಲ ನೋಡಿಕೊಂಡು ಪ್ರತಿ ಬರೆಯುವವರು ಬೇರೆಯೇ ಇರುತ್ತಾರೆ, ಸಭೆಯಲ್ಲಿ ಅವರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಹಾಳೆ ಗಲೀಜಾಗಿದ್ದರೆ ಎಂಥ ಕೃತಿಯೂ ತಾಲೀಮಿನಲ್ಲಿ ಮುಗ್ಗರಿಸುತ್ತದೆ.

ಈಗ ಸಾಫ್ಟ್‌ವೇರ್ ಇದೆಯಲ್ಲ, ಬರೆದದ್ದನ್ನು ಅದೇ ನುಡಿಸಿ ತೋರಿಸುತ್ತದಲ್ಲ ಅಂತ ಕೇಳಬಹುದು. ಹೌದು, ಅದರಲ್ಲಿ ಒಂದಕ್ಕೆ ಫಿನ್ಲೆಂಡಿನ ಸಂಯೋಜಕ ಸಿಬೇಲಿಯಸ್ ಹೆಸರೇ ಇದೆ. ಸ್ವರ ಸರಿಯೇ, ಲಯ ಸರಿಯೇ ಅಂತ ನೋಡಲು ಅದು ಸಾಕು. ಆದರೆ ಕಮಾನಿನ ಒತ್ತಡ, ಉಸಿರಿನ ತೇವ, ಇಪ್ಪತ್ತು ಪಿಟೀಲು ಒಟ್ಟಿಗೆ ಪಿಸುಗುಟ್ಟಿದಾಗ ಆ ಕೋಣೆಯಲ್ಲಿ ಏನಾಗುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ. ಅದನ್ನು ಬರೆದವರು ಊಹಿಸಿಯೇ ಬರೆಯಬೇಕು.

ಆ ಊಹೆಯನ್ನು ಗಟ್ಟಿ ಮಾಡಿಕೊಳ್ಳಲು ಸಾರಿಯಾಹೊ ಒಂದು ದಾರಿ ಹಿಡಿದಿದ್ದರು. ಕೆಲವೇ ಕೆಲವು ವಾದಕರ ಜೊತೆ ಜೀವನಪೂರ್ತಿ ಕೆಲಸ. ಚೆಲ್ಲೊ ಅಂದರೆ ಆನ್ಸಿ ಕಾರ್ತುನೆನ್, ಕೊಳಲು ಅಂದರೆ ಕ್ಯಾಮಿಲ್ಲಾ ಹೋಯ್ಟೆಂಗಾ. 1977ರಲ್ಲಿ ಹೆಲ್ಸಿಂಕಿಯಲ್ಲಿ ಗೆಳೆಯರೆಲ್ಲ ಸೇರಿ 'ಕೊರ್ವಾತ್ ಔಕಿ' ಅಂತ ಒಂದು ಗುಂಪು ಕಟ್ಟಿದ್ದರು, ಅರ್ಥ 'ಕಿವಿ ತೆರೆ'. ಅದರಲ್ಲಿದ್ದ ಎಸಾ-ಪೆಕ್ಕಾ ಸಲೊನೆನ್ ಆಮೇಲೆ ದೊಡ್ಡ ಕಂಡಕ್ಟರ್ ಆದರು, ಇವರ ಕೃತಿಗಳನ್ನು ಊರೂರಲ್ಲಿ ನುಡಿಸಿದರು. ಕಾಲೇಜಿನ ಗೆಳೆತನ ಇಷ್ಟು ದೂರ ಬಂದದ್ದು ಪುಣ್ಯ.

ದೊಡ್ಡ ಕೆಲಸಕ್ಕೆ ಮೊದಲು ಸಣ್ಣ ಕೆಲಸದಲ್ಲಿ ಕೈ ನೋಡಿಕೊಳ್ಳುವುದು ಇನ್ನೊಂದು ದಾರಿ. 'ಲಾಮೂರ್ ದ ಲ್ವಾಂ' ಕಥೆ 12ನೇ ಶತಮಾನದ ಜೋಫ್ರೆ ರ್‍ಯುಡೆಲ್ ಎಂಬ ಫ್ರೆಂಚ್ ಕವಿಯದು. ನೋಡದೇ ಇರುವ, ಸಮುದ್ರದಾಚೆ ಈಗಿನ ಲೆಬನಾನಿನ ಟ್ರಿಪೋಲಿಯಲ್ಲಿರುವ ಹೆಣ್ಣನ್ನು ಪ್ರೀತಿಸುತ್ತಾನೆ, ಹಾಡು ಕಟ್ಟುತ್ತಾನೆ, ಹಡಗು ಹತ್ತುತ್ತಾನೆ, ದಾರಿಯಲ್ಲಿ ಕಾಯಿಲೆ ಬಿದ್ದು ಅವಳ ತೋಳಲ್ಲಿ ಸಾಯುತ್ತಾನೆ. ಒಪೆರಾ ಬರುವುದಕ್ಕೆ ನಾಲ್ಕು ವರ್ಷ ಮೊದಲು, 1996ರಲ್ಲಿ, ಸಾರಿಯಾಹೊ ಅದೇ ರ್‍ಯುಡೆಲ್ ಪದ್ಯ ತೆಗೆದುಕೊಂಡು ಡಾನ್ ಅಪ್‌ಷಾ ಎಂಬ ಗಾಯಕಿಗಾಗಿ 'ಲೋನ್' ಅನ್ನುವ ಕೃತಿ ಬರೆದರು. ಒಂದು ಕಂಠ, ಜೊತೆಗೆ ಎಲೆಕ್ಟ್ರಾನಿಕ್ಸ್, ಅಷ್ಟೇ. ಸಾಲ್ಜ್‌ಬರ್ಗ್‌ನಲ್ಲಿ ನಾಯಕಿಯಾಗಿ ಹಾಡಿದವರೂ ಅದೇ ಅಪ್‌ಷಾ. ಅಂದರೆ ಆ ಕಂಠ ಎಲ್ಲಿ ಹೊಳೆಯುತ್ತದೆ, ಎಲ್ಲಿ ನಡುಗುತ್ತದೆ ಅನ್ನುವುದು ಬರೆಯುವಾಗಲೇ ಗೊತ್ತಿತ್ತು. ಮಾತು ಬರೆದವರು ಲೆಬನಾನ್‌ನಲ್ಲಿ ಹುಟ್ಟಿ ಫ್ರಾನ್ಸ್‌ನಲ್ಲಿ ನೆಲೆಸಿದ ಕಾದಂಬರಿಕಾರ ಅಮೀನ್ ಮಾಲೂಫ್. ತಾನು ಹುಟ್ಟಿದ ನೆಲ ಬಿಟ್ಟು ಇನ್ನೊಂದು ನೆಲದಲ್ಲಿ ಬಾಳಿದ ಇಬ್ಬರು ಸೇರಿ ದೂರದ ಪ್ರೀತಿಯ ಕಥೆ ಮಾಡಿದ್ದು ನನಗೇನೂ ಆಶ್ಚರ್ಯ ಅನಿಸುವುದಿಲ್ಲ.

ಕೃತಿ ಮುಗಿಯಿತು, ಹಾಳೆ ಹಂಚಿ ಆಯಿತು, ಈಗ ಕಾರ್ಯಕ್ರಮದ ವಾರ. ಒಪೆರಾ ಆದರೆ ವಾರಗಟ್ಟಲೆ ತಾಲೀಮು ಇರುತ್ತದೆ. ಆರ್ಕೆಸ್ಟ್ರಾ ಕಾರ್ಯಕ್ರಮಕ್ಕೆ ಅಷ್ಟು ಸಮಯ ಎಲ್ಲಿಯದು? ಸಾಮಾನ್ಯವಾಗಿ ಮೂರೋ ನಾಲ್ಕೋ ತಾಲೀಮು, ಪ್ರತಿಯೊಂದೂ ಎರಡೂವರೆ ಗಂಟೆ ಆಸುಪಾಸು. ಅದರಲ್ಲೇ ಆ ಸಂಜೆಯ ಬೀಥೋವನ್ನೋ ಬ್ರಾಮ್ಸೋ ಕೂಡ ಆಗಬೇಕು. ಹೊಸ ಕೃತಿಗೆ ಸಿಗುವುದು ಕೈಬೆರಳೆಣಿಕೆಯ ಗಂಟೆಗಳು. ಬರೆದವರು ಖಾಲಿ ಸಭಾಂಗಣದಲ್ಲಿ ಸ್ಕೋರ್ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ಮೊದಲ ಸಲ ನುಡಿಸುವಾಗ ಬಹುತೇಕ ಎಲ್ಲವೂ ಕೆಟ್ಟದಾಗಿ ಕೇಳುತ್ತದೆ. ತಪ್ಪು ವಾದಕರದೋ, ಹಾಳೆಯದೋ, ತನ್ನದೇ ಊಹೆಯದೋ ಅಂತ ಕೂಡಲೇ ತಿಳಿಯಬೇಕು. ತುತ್ತೂರಿ ಕೊಳಲನ್ನು ಮುಚ್ಚಿಹಾಕುತ್ತಿದೆಯಾ, ಹಾಗಾದರೆ ತುತ್ತೂರಿಯನ್ನು ಮೆಲ್ಲಗೆ ಮಾಡು ಅನ್ನಬೇಕಾ, ಆ ಜಾಗದಲ್ಲಿ ತೆಗೆದೇ ಹಾಕಬೇಕಾ? ವಾದಕರು ಕೈಯೆತ್ತಿ ಕೇಳುತ್ತಾರೆ, 'ಇಲ್ಲಿ ಬರೆದಿರುವುದು ಸರಿಯಾ?' ಪೆನ್ಸಿಲಿನಲ್ಲಿ ತಿದ್ದುತ್ತಾರೆ. ಪ್ರೀಮಿಯರ್‌ನಲ್ಲಿ ಕೇಳಿದ್ದು ಮತ್ತು ಆಮೇಲೆ ಅಚ್ಚಾದದ್ದು ಎಷ್ಟೋ ಸಲ ಪೂರ್ತಿ ಒಂದೇ ಇರುವುದಿಲ್ಲ.

'ಹಷ್' ವಿಷಯದಲ್ಲಿ ಹೀಗೆ ತಿದ್ದಲು ಬರೆದವರು ಇರಲಿಲ್ಲ. ಕಂಡಕ್ಟರ್ ಮ್ಯಾಲ್ಕಿ ಇದ್ದರು, ಸಾರಿಯಾಹೊ ಸಂಗೀತವನ್ನು ವರ್ಷಾನುಗಟ್ಟಲೆ ನಡೆಸಿದವರು. ಬಾಣ ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಗುರುಶಿಷ್ಯ ಪರಂಪರೆಯ ಹತ್ತಿರಕ್ಕೆ ಬರುವ ಏನಾದರೂ ಆ ಕಾಗದದ ಲೋಕದಲ್ಲಿ ಇದ್ದರೆ ಅದು ಇದೇ.

ಪ್ರೀಮಿಯರ್ ರಾತ್ರಿಯ ಬಗ್ಗೆ ಹೇಳುವಾಗ ಎಲ್ಲರೂ 1913ರ ಪ್ಯಾರಿಸ್‌ನಲ್ಲಿ ಸ್ಟ್ರಾವಿನ್ಸ್ಕಿಯ ಬ್ಯಾಲೆಗೆ ಆದ ಗಲಾಟೆ ತೆಗೆಯುತ್ತಾರೆ. ನನಗೆ ಅದನ್ನು ಮತ್ತೆ ಹೇಳುವ ಉತ್ಸಾಹ ಇಲ್ಲ. ಈಗ ಯಾರೂ ಕೂಗುವುದಿಲ್ಲ. ಸಭ್ಯವಾಗಿ ಚಪ್ಪಾಳೆ ತಟ್ಟುತ್ತಾರೆ, ಬರೆದವರು ವೇದಿಕೆಗೆ ಬಂದು ಬಾಗುತ್ತಾರೆ, ಹೂಗುಚ್ಛ ಸಿಗುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಕೃತಿ ಕಪಾಟಿಗೆ ಹೋಗುತ್ತದೆ. ಹೊಸ ಕೃತಿಗಳಲ್ಲಿ ಬಹಳಷ್ಟರ ಪಾಡು ಇದು. ಕೂಗಾಟಕ್ಕಿಂತ ಇದು ಎಷ್ಟೋ ಕೆಟ್ಟದ್ದು.

ಯಾಕೆ ಹೀಗೆ? 'ವಿಶ್ವದಲ್ಲೇ ಮೊದಲು' ಅಂತ ಪೋಸ್ಟರಿನಲ್ಲಿ ಹಾಕಿಕೊಳ್ಳಲು ಎಲ್ಲ ಸಂಸ್ಥೆಗಳಿಗೂ ಆಸೆ. 'ವಿಶ್ವದಲ್ಲಿ ಎರಡನೆಯದು' ಅಂತ ಯಾರು ಹಾಕಿಕೊಳ್ಳುತ್ತಾರೆ? ಮೊದಲ ಪ್ರಯೋಗಕ್ಕೆ ದುಡ್ಡು ಹುಟ್ಟುತ್ತದೆ, ಎರಡನೆಯದಕ್ಕೆ ಹುಟ್ಟುವುದಿಲ್ಲ. ಆರ್ಕೆಸ್ಟ್ರಾದ ಹಾಳೆಗಳನ್ನು ಪ್ರಕಾಶಕರು ಸಾಮಾನ್ಯವಾಗಿ ಮಾರುವುದಿಲ್ಲ, ಬಾಡಿಗೆಗೆ ಕೊಡುತ್ತಾರೆ. ಅಪರೂಪದ ವಾದ್ಯ ಬೇಕು, ಎಲೆಕ್ಟ್ರಾನಿಕ್ಸ್ ಬೇಕು, ಜಾಸ್ತಿ ತಾಲೀಮು ಬೇಕು ಅಂದರೆ ಇನ್ನಷ್ಟು ಕಷ್ಟ. ಸಾರಿಯಾಹೊ ಇದಕ್ಕೂ ಉಪಾಯ ಕಂಡುಕೊಂಡಿದ್ದರು. ಪಿಟೀಲು ವಾದಕ ಗಿಡಾನ್ ಕ್ರೇಮರ್ ಅವರಿಗಾಗಿ ಬರೆದು 1995ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ಮೊದಲು ನುಡಿಸಿದ ಪಿಟೀಲು ಕಂಚೆರ್ಟೊ 'ಗ್ರಾಲ್ ತೆಆತ್ರ್' ದೊಡ್ಡ ಆರ್ಕೆಸ್ಟ್ರಾದ್ದು. ಅದನ್ನೇ ಸಣ್ಣ ಮೇಳಕ್ಕೂ ಹೊಂದುವಂತೆ ಇನ್ನೊಮ್ಮೆ ಬರೆದುಕೊಟ್ಟರು. ಹಬ್ಬದ ಅಡುಗೆಯನ್ನು ನಾಲ್ಕು ಜನರ ಮನೆಗೆ ಇಳಿಸಿದ ಹಾಗೆ, ಅಳತೆ ಮಾತ್ರ ಅಲ್ಲ, ಹದವೇ ಬೇರೆ ಮಾಡಬೇಕು.

'ಲಾಮೂರ್ ದ ಲ್ವಾಂ' ಬದುಕಿಕೊಂಡಿತು. ಮೂರು ಊರಿನ ಒಪ್ಪಂದ ಅದಕ್ಕೆ ಕಾಲು ಕೊಟ್ಟಿತು. 2003ರಲ್ಲಿ ಸಂಗೀತ ರಚನೆಗೆ ಕೊಡುವ ಗ್ರಾವಮಾಯರ್ ಪ್ರಶಸ್ತಿ ಬಂತು. 2016ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾಗೆ ಬಂತು. ರಾಬರ್ಟ್ ಲೆಪಾಜ್ ನಿರ್ದೇಶನ, ವೇದಿಕೆಯ ತುಂಬಾ ಸಾಲುಸಾಲು ಎಲ್‌ಇಡಿ ದೀಪಗಳೇ ಸಮುದ್ರ. ಆ ಸಂಸ್ಥೆ ಒಬ್ಬ ಹೆಂಗಸು ಬರೆದ ಒಪೆರಾ ಆಡಿಸಿದ್ದು 1903ರ ನಂತರ ಅದೇ ಮೊದಲು. ನೂರ ಹದಿಮೂರು ವರ್ಷ! ಸಾರಿಯಾಹೊ ಅವರಿಗೆ 'ಮಹಿಳಾ ಸಂಯೋಜಕಿ' ಅನ್ನುವ ಪಟ್ಟ ಹಿಡಿಸುತ್ತಿರಲಿಲ್ಲ, ಸಂಗೀತದ ಬಗ್ಗೆ ಮಾತಾಡೋಣ ಅನ್ನುವವರು. ಆದರೂ ಆ ಸಂಖ್ಯೆ ನೋಡಿ ಸುಮ್ಮನಿರುವುದು ಹೇಗೆ?

ಕೊನೆಯ ಒಪೆರಾ 'ಇನ್ನೊಸೆನ್ಸ್' 2020ರಲ್ಲಿ ಆಗಬೇಕಿತ್ತು. ಕೋವಿಡ್ ಬಂದು 2021ರ ಜುಲೈ 3ಕ್ಕೆ ಹೋಯಿತು, ದಕ್ಷಿಣ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್‌ನಲ್ಲಿ. ಒಂದು ಮದುವೆಯ ಊಟ, ಹತ್ತು ವರ್ಷದ ಹಿಂದೆ ಶಾಲೆಯೊಂದರಲ್ಲಿ ನಡೆದ ಗುಂಡಿನ ದಾಳಿ, ಎರಡೂ ಒಂದೇ ವೇದಿಕೆಯಲ್ಲಿ ಹೆಣೆದುಕೊಳ್ಳುತ್ತವೆ. ಫಿನ್ನಿಷ್ ಲೇಖಕಿ ಸೋಫಿ ಒಕ್ಸಾನೆನ್ ಮಾತು ಬರೆದರು, ಪಾತ್ರಗಳು ಒಂಬತ್ತು ಭಾಷೆಯಲ್ಲಿ ಮಾತಾಡುತ್ತವೆ, ಹಾಡುತ್ತವೆ. ಸತ್ತುಹೋದ ಹುಡುಗಿ ಮಾತ್ರ ಜಾನಪದದ ದನಿಯಲ್ಲಿ ಹಾಡುತ್ತಾಳೆ, ಅವಳ ಗಂಟಲು ಬೇರೆಯವರ ಹಾಗೆ ಒಪೆರಾದ್ದಲ್ಲ. ಅಷ್ಟರಿಂದಲೇ ಅವಳು ಬೇರೆ ಲೋಕದವಳು ಅಂತ ಕಿವಿಗೆ ಗೊತ್ತಾಗಿಬಿಡುತ್ತದೆ. ಇಲ್ಲೂ ಹಲವು ಊರುಗಳ ಒಪೆರಾ ಸಂಸ್ಥೆಗಳು ಸೇರಿ ಬರೆಸಿದ್ದು, ಹಾಗಾಗಿ ಎಕ್ಸ್ ಆದ ಮೇಲೆ ಹೆಲ್ಸಿಂಕಿ, ಲಂಡನ್, ಆಮ್‌ಸ್ಟರ್‌ಡ್ಯಾಮ್, ಸ್ಯಾನ್ ಫ್ರಾನ್ಸಿಸ್ಕೊ ಅಂತ ನಡೆಯುತ್ತಲೇ ಹೋಯಿತು. ಈ ಪ್ರೀಮಿಯರ್‌ಗೆ ಸಾರಿಯಾಹೊ ಇದ್ದರು, ಗಾಲಿಕುರ್ಚಿಯಲ್ಲಿ.

ಕೇಳಲು ಎಲ್ಲಿಂದ ಶುರು ಮಾಡಲಿ ಅಂದರೆ ಒಪೆರಾ ಬೇಡ, ಆರ್ಕೆಸ್ಟ್ರಾವೂ ಬೇಡ. 2000ದಲ್ಲಿ, ಸಾಲ್ಜ್‌ಬರ್ಗ್ ಒಪೆರಾದ ಬೆನ್ನಿಗೇ ಕಾರ್ತುನೆನ್ ಅವರಿಗಾಗಿ ಬರೆದ 'ಸೆತ್ ಪಾಪಿಯೋಂ' ಇದೆ, 'ಏಳು ಚಿಟ್ಟೆಗಳು'. ಒಂಟಿ ಚೆಲ್ಲೊ, ಏಳು ಸಣ್ಣ ತುಣುಕು. ರಾತ್ರಿ ಫ್ಯಾನ್ ಆಫ್ ಮಾಡಿ, ಇಯರ್‌ಫೋನ್ ಹಾಕಿ, ಮೊದಲನೆಯದನ್ನು ಕೇಳಿ. ಕಮಾನು ತಂತಿಯನ್ನು ಮುಟ್ಟಿತೋ ಇಲ್ಲವೋ ಅನ್ನುವ ಹಾಗಿರುತ್ತದೆ, ಸ್ವರ ಬರಲಾ ಬೇಡವಾ ಅಂತ ರೆಕ್ಕೆ ಬಡಿಯುತ್ತಿರುತ್ತದೆ. ತಂಬೂರಿಯ ಪಕ್ಕ ಕೂತು ಗಾಂಧಾರಕ್ಕಾಗಿ ಕಾದ ಅಭ್ಯಾಸ ಇದ್ದರೆ, ಎರಡನೇ ಚಿಟ್ಟೆಗೆ ಬರುವ ಹೊತ್ತಿಗೆ ನೀವು ರಾಗ ಹುಡುಕುವುದನ್ನು ಬಿಟ್ಟಿರುತ್ತೀರಿ.